ಕಾಮನ ಬೆಂಕಿಗೆ ಬಿದ್ದ ಹೊರಸು

ನಾನು ಜರ್ಮನಿಯಲ್ಲಿ ಯುದ್ಧಾಪರಾಧಿಗಳ ವಿಚಾರಣೆ ನೋಡಿ ಬಂದವಳು ಅಂತ ಗೆಳತಿ ಸರೋಜ ಹಳೇ ಹುಬ್ಬಳ್ಳಿಯ ತನ್ನ ಓಣಿಗೆಲ್ಲ ಸಾರಿಬಿಟ್ಟಿದ್ದಳು. ಹೀಗಾಗಿ ಕಾಮದಹನದ ಮರುದಿನ ಬೆಳಿಗ್ಗೆ, ನಾನು ಇಳಿದುಕೊಂಡಿದ್ದ ಅವಳ ಮನೆಯ ಕಟ್ಟೆಗೇ ಪಂಚಾಯ್ತಿ ಬಂತು.

ಫಿರ್ಯಾದಿ ಎದುರುಮನೆಯ ಗಂಗವ್ವ. ಕಾಮನ ಬೆಂಕಿಗೆ ಕಟ್ಟಿಗೆ ಕದಿಯುವುದು ಓಣಿಯ ಹಳೆಯ ರೂಢಿ. ಈ ಸಲ ಆಕೆ ಮಲಗುವ ಹಗ್ಗದ ಹೊರಸೇ ಬೂದಿಯಾಗಿತ್ತು.

“ಸೊಂಟ ನೋವಿನಾಕಿ ನಾ. ನೆಲದ ಮ್ಯಾಲ ಹ್ಯಾಂಗ ಮಲಗ್ಲಿ?”

ಗರಡಿಮನೆಯ ಪೈಲ್ವಾನರು ತಲೆ ತಗ್ಗಿಸಿದರು. “ವಸ್ತಾದರು ಹೇಳಿದ್ರು, ನಾವು ತಂದ್ವಿ.”

ವಸ್ತಾದರೆಂದರೆ ಗರಡಿಯ ಗುರು, ಸರೋಜಳ ಅಪ್ಪ. ಅವರು ಮೀಸೆ ತಿರುವಿದರು. “ಕಟ್ಟಿಗಿ ತರ್ರಿ ಅಂದಿದ್ದೆ. ಹೊರಸು ತರ್ರಿ ಅಂದಿದ್ನೇನು?”

ಜರ್ಮನಿಯ ಕಟಕಟೆಯಲ್ಲಿ ಸೂಟು ತೊಟ್ಟವರು ಹೇಳಿದ್ದೂ ಇವೆರಡೇ ಮಾತು. ಅಲ್ಲಿ ಸುಟ್ಟದ್ದು ಮನುಷ್ಯರನ್ನು. ಇಲ್ಲಿ ಬರೀ ಹೊರಸು ಎಂಬುದೇ ಪುಣ್ಯ.

“ಅಲ್ಲಿ ಏನು ತೀರ್ಪು ಕೊಟ್ರು, ಬಾಯಾರ?” ಗಂಗವ್ವ ಕೇಳಿದಳು.

“ಹೇಳಿದ್ದಕ್ಕ ಮಾಡಿದೆ ಅಂದ್ರ ಬಿಡೂದಿಲ್ಲ. ಕಂಡೂ ತಡೀದ ಹಿರ್ಯಾರನ್ನೂ ಬಿಡೂದಿಲ್ಲ,” ಅಂದು ವಸ್ತಾದರತ್ತ ತಿರುಗಿದೆ. “ಹೊರಸು ಬೆಂಕಿಗೆ ಬೀಳೂದು ನೀವು ನೋಡಿದ್ರೋ ಇಲ್ಲೋ, ಕಾಕಾ?”

“ನೋಡಿದ್ನವಾ. ಭಾಳ ಛಲೋ ಉರೀತು!”

ಓಣಿಯೆಲ್ಲ ಗೊಳ್ಳೆಂದಿತು.

ಪೈಲ್ವಾನರು ಹೊಸ ಹೊರಸು ಹೆಣೆದು ಕೊಡಬೇಕು, ಅಲ್ಲಿಯತನಕ ವಸ್ತಾದರು ತಮ್ಮ ಮನೆಯದನ್ನು ಕೊಡಬೇಕು ಎಂದು ತೀರ್ಪಿತ್ತೆ. ವಸ್ತಾದರು ಅನುಮಾನ ಬರುವಷ್ಟು ಲಗೂ ಒಪ್ಪಿಕೊಂಡರು. ಅವರ ಮನೆಯಲ್ಲಿ ಇದ್ದದ್ದು ಒಂದೇ ಹೊರಸು, ಅತಿಥಿ ಅಂತ ನನಗೆ ಬಿಟ್ಟುಕೊಟ್ಟಿದ್ದು.

ಕುಸ್ತಿಯಲ್ಲಿ ಎಷ್ಟೇ ಚುರುಕಾಗಿದ್ದರೂ ಹಗ್ಗ ಹೆಣೆಯುವುದರಲ್ಲಿ ಪೈಲ್ವಾನರು ಬಲು ನಿಧಾನ ಎಂಬುದು ನನ್ನ ಬೆನ್ನಿಗೆ ಚೆನ್ನಾಗಿ ಗೊತ್ತು.