ಕೆಂಪು ಪಟ್ಟಿಯ ಚಂದ್ರಿಕೆ ಮೇಲೆ ನಾಮದ ಕೋಳಿ

ಆ ವರ್ಷ ನಮ್ಮೂರ ಕಟ್ಟೆಯ ನೀರಿಗೆ ನಾಮದ ಕೋಳಿ ಅನ್ನುವ ಹಕ್ಕಿ ಒಂದು ಜೋಡಿ ಬಂದವು. ಮೈಯೆಲ್ಲ ಕಪ್ಪು, ಹಣೆ ಮಾತ್ರ ಬಿಳಿ. ವಿಭೂತಿ ಹಚ್ಚುವ ನಮ್ಮ ಯಜಮಾನರು ಏರಿ ಮೇಲೆ ನಿಂತು ನೋಡಿ, "ನಾಮದೋರು ಬಂದವ್ರೆ ಕಣೆ, ಒಸಿ ಮರ್ವಾದೆ ಕೊಡು" ಎಂದು ನಕ್ಕರು. ಮರ್ಯಾದೆ ಆ ಕೋಳಿಗೇ ಗೊತ್ತಿರಲಿಲ್ಲ. ನಮ್ಮ ಕಟ್ಟೆ ಏನು ಮಹಾ ದೊಡ್ಡದು? ಗುಡೇಮಾರನಹಳ್ಳಿ ಕಡೆಯಿಂದ ಬರುವ ಹಳ್ಳಕ್ಕೆ ಒಂದು ಏರಿ, ಒಂದು ಮೂಲೆಯಲ್ಲಿ ಜೊಂಡು, ದಡದಲ್ಲಿ ಬಟ್ಟೆ ಒಗೆಯುವ ಚಪ್ಪಡಿ. ಅಷ್ಟರಲ್ಲೇ ಗಂಡು ಕೋಳಿ ಜೊಂಡಿನಿಂದ ಚಪ್ಪಡಿವರೆಗೆ ತನ್ನದೆಂದು ತೀರ್ಮಾನ ಮಾಡಿಕೊಂಡಿತ್ತು. ಎಲ್ಲಿಂದಲೋ ಇನ್ನೊಂದು ನಾಮದ ಕೋಳಿ ಬಂದು ಆ ಕಡೆ ತಲೆ ಹಾಕಿದರೆ ಸಾಕು, ಕುತ್ತಿಗೆ ತಗ್ಗಿಸಿ ನೀರ ಮೇಲೇ ಓಡಿಬಂದು, ಹಿಂದಕ್ಕೆ ಒರಗಿ ಎರಡು ಕಾಲಲ್ಲೂ ಒದೆಯುತ್ತಿತ್ತು. ತನಗಿಂತ ದಪ್ಪಗಿದ್ದ ಬಾತುಗಳನ್ನೂ ಬಿಡುತ್ತಿರಲಿಲ್ಲ. ಅವು ಬೈದುಕೊಂಡೇ ಆಚೆ ದಡಕ್ಕೆ ಹೋಗುತ್ತಿದ್ದವು.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗೆ ಚಂದ್ರಿಕೆ ಅನ್ನುತ್ತೇವೆ. ಒಂದೊಂದೂ ಬಾಗಿಲಷ್ಟು ದೊಡ್ಡದು. ಒಂದು ಬೆಳೆ ಮುಗಿದರೆ ಅವನ್ನೆಲ್ಲ ಕಟ್ಟೆಗೆ ಹೊತ್ತು ತಂದು, ನೆನೆಹಾಕಿ, ತಿಕ್ಕಿ ಬಿಸಿಲಿಗೆ ಒರಗಿಸಬೇಕು. ಹಾಗೆ ತಿಕ್ಕುತ್ತಾ ಕೂತಾಗಲೇ ನಾನು ಆ ಕೋಳಿಯ ಜಗಳ ನೋಡುತ್ತಿದ್ದದ್ದು. ಮೊದಮೊದಲು ನನಗೆ ಅದರ ಮೇಲೆ ಸಿಟ್ಟೇ ಬರುತ್ತಿತ್ತು. ಇಡೀ ಕಟ್ಟೆ ಇದ್ದರೂ ಅಷ್ಟು ಜಾಗಕ್ಕೆ ಯಾಕಿಷ್ಟು ಒದ್ದಾಟ ಎಂದುಕೊಳ್ಳುತ್ತಿದ್ದೆ.

ಹಾಗೆ ಕೇಳಲು ನನಗೇನು ಯೋಗ್ಯತೆ ಇತ್ತೋ. ಪಕ್ಕದ ಮನೆಯ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ನನ್ನ ಜೊತೆ ಮಾತು ಬಿಟ್ಟು ಆಗ ಮೂರು ವರ್ಷವಾಗಿತ್ತು. ಭಾಗವಾದಾಗ ಚಂದ್ರಿಕೆಗಳನ್ನು ಸಮವಾಗಿ ಹಂಚಿಕೊಂಡು, ಅವಳದಕ್ಕೆ ಕೆಂಪು ಪಟ್ಟಿ, ನನ್ನದಕ್ಕೆ ನೀಲಿ ಪಟ್ಟಿ ಬಳಿದಿದ್ದೆವು. ಅಲ್ಲಿಯತನಕ ಎಲ್ಲ ಸರಿಯೇ ಇತ್ತು. ಆಮೇಲಿನ ಬೆಳೆಯಲ್ಲಿ ನನ್ನ ಹುಳುಗಳೆಲ್ಲ ರೋಗ ಬಂದು ಸತ್ತವು. ಹುಳು ಮನೆ ಬಾಗಿಲಲ್ಲಿ ನಾವು ಬ್ಲೀಚಿಂಗ್ ಪುಡಿ ಕಲಸಿದ ನೀರು ಇಟ್ಟಿರುತ್ತೇವೆ. ಯಾರೇ ಬರಲಿ, ಅದರಲ್ಲಿ ಕಾಲು ತೊಳೆದೇ ಒಳಗೆ ಬರಬೇಕು. "ಇವ್ಳು ಕಾಲ್ ತೊಳೀದೆ ಬಂದು ರೋಗ ತಂದ್ಲು" ಎಂದು ನಾನು ಕೇರಿಯವರ ಮುಂದೆ ಅಂದುಬಿಟ್ಟೆ. ಅವಳು ತೊಳೆದಿದ್ದಳೋ ಇಲ್ಲವೋ, ನಾನು ನೋಡಿಯೇ ಇರಲಿಲ್ಲ. ಅವಳು ಕೂಗಾಡಲಿಲ್ಲ. "ಅಂಗಾದ್ರೆ ಇನ್ಮೇಲೆ ನಿನ್ ಕಾಲು ನಮ್ ಹೊಸ್ಲು ದಾಟಾದು ಬ್ಯಾಡ" ಎಂದಳು. ಅಲ್ಲಿಗೆ ಅವಳ ಬಾಯಲ್ಲಿ 'ಅಕ್ಕ' ಅನ್ನುವುದು ನಿಂತುಹೋಯಿತು. ಹೇಳಿಕೊಳ್ಳಲು ನಾಚಿಕೆ, ಅವಳಿಲ್ಲದೆ ನನಗೆ ಹೊತ್ತೇ ಹೋಗುತ್ತಿರಲಿಲ್ಲ. ಹೋಗಿ ತಪ್ಪಾಯಿತು ಅನ್ನೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ.

ಆ ಸಲ ಚಂದ್ರಿಕೆ ತೊಳೆಯುವಾಗ ನನ್ನವುಗಳ ನಡುವೆ ದಡದಲ್ಲಿ ಒಣಹಾಕಿದ್ದ ಅವಳ ಕೆಂಪು ಪಟ್ಟಿಯದೊಂದು ಸೇರಿಕೊಂಡಿತ್ತು. ಕರೆದು ಕೊಟ್ಟಿದ್ದರೆ ಆಗುತ್ತಿತ್ತು. ನನ್ನ ಕೆಟ್ಟ ಬುದ್ಧಿ, ಬೇಕಾದರೆ ಬಂದು ಕೇಳಲಿ ಎಂದು ಅದನ್ನೊಂದನ್ನು ಜೊಂಡಿನ ಸಂದಿಗೆ ತಳ್ಳಿ ಬಂದೆ. ಎರಡು ವಾರ ಬಿಟ್ಟು ಹೋಗಿ ನೋಡುತ್ತೇನೆ, ನೀರಲ್ಲಿ ಅರ್ಧ ಮುಳುಗಿದ್ದ ಚಂದ್ರಿಕೆ ಮೇಲೆ ಜೊಂಡಿನ ಎಲೆ ಗುಡ್ಡೆ ಹಾಕಿ ಹೆಣ್ಣು ಕೋಳಿ ಕೂತಿತ್ತು. ಅದು ಎದ್ದಾಗ ಎಣಿಸಿದೆ, ಏಳು ಮೊಟ್ಟೆ. ಚಂದ್ರಿಕೆ ಎಳೆದರೆ ಮೊಟ್ಟೆ ನೀರುಪಾಲು. ಬಿಟ್ಟರೆ ಓರಗಿತ್ತಿಯ ಸಾಮಾನು ಕದ್ದವಳು ನಾನು. ಅದು ಅವಳಿಗೆ ಗೊತ್ತಾದರೆ ಆ ಹೊಸಿಲು ಜೀವಮಾನಕ್ಕೇ ಮುಚ್ಚಿತು ಅಂದುಕೊಂಡೆ. ದಿನಾ ಸಂಜೆ ಹೋಗಿ ನೋಡಿಕೊಂಡು ಬರುತ್ತಿದ್ದೆ, ಯಾರಿಗೂ ಹೇಳಲಿಲ್ಲ.

ಒಂದು ಸಂಜೆ ಓರಗಿತ್ತಿಯೇ ಕಟ್ಟೆಗೆ ಬಂದಳು. ಅವಳ ಹುಳು ಮಾರನೆಯ ದಿನ ಹಣ್ಣಾಗುವುದರಲ್ಲಿದ್ದವು. ನನ್ನ ಮುಖ ನೋಡದೆ, "ನಮ್ದೊಂದು ಚಂದ್ರಿಕೆ ಕಮ್ಮಿ ಬತ್ತೈತೆ. ಇತ್ತಗೇನಾರ ಬಂದೈತಾ?" ಎಂದು ಕೇಳಿದಳು. ನಾನು ಬಾಯಿ ಬಿಡುವ ಮೊದಲೇ ಜೊಂಡಿನಲ್ಲಿ ಕೆಂಪು ಪಟ್ಟಿ ಅವಳ ಕಣ್ಣಿಗೆ ಬಿತ್ತು. ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಎರಡು ಹೆಜ್ಜೆ ಹೋಗಿರಲಿಲ್ಲ, ಗಂಡು ಕೋಳಿ ನೀರು ಚಿಮ್ಮಿಸುತ್ತಾ ಓಡಿಬಂದು ಅವಳ ಮೊಣಕಾಲಿಗೇ ಒದೆಯಿತು. ಅವಳು ಅಲ್ಲೇ ನಿಂತಳು. ಹೆಣ್ಣು ಕೋಳಿ ಕೂತ ಜಾಗ ಬಿಟ್ಟು ಅಲ್ಲಾಡಲಿಲ್ಲ.

"ನಾನೇ ಬೇಕಂತ ಅಲ್ಲಿಗ್ ತಳ್ಳಿದ್ದು" ಎಂದೆ. "ಕೋಳಿ ಗೂಡು ಕಟ್ತದೆ ಅಂತ ಗೊತ್ತಿರ್ಲಿಲ್ಲ."

ಅವಳು ತಿರುಗಲಿಲ್ಲ. "ಮೊಟ್ಟೆ ಇಕ್ಕೈತಾ?"

"ಏಳು."

"ಇರ್ಲಿ ಬುಡು, ಮರಿ ಆಗ್ಲಿ" ಎಂದು ದಡ ಹತ್ತಿ ಹೋದಳು. ಬೈದಿದ್ದರೆ ವಾಸಿಯಿತ್ತು.

ಬೆಳಗಾಗುತ್ತಲೇ ನನ್ನ ನೀಲಿ ಪಟ್ಟಿಯ ಚಂದ್ರಿಕೆಯೊಂದನ್ನು ತಲೆ ಮೇಲಿಟ್ಟುಕೊಂಡು ಹೊರಟೆ. ನನ್ನ ಹುಳು ಹಣ್ಣಾಗಲು ಇನ್ನೆರಡು ದಿನವಿತ್ತು, ಆಗ ಒಂದು ಕಮ್ಮಿ ಬಿದ್ದರೆ ನೋಡಿಕೊಳ್ಳೋಣ ಅಂದುಕೊಂಡೆ. ಅವಳ ಹುಳು ಮನೆ ಬಾಗಿಲು ತೆರೆದಿತ್ತು. ಹಣ್ಣಾದ ಹುಳು ತಡೆಯುವುದಿಲ್ಲ, ಸೊಪ್ಪಿನ ಮೇಲೇ ನೂಲು ಬಿಡತೊಡಗುತ್ತವೆ. ಅವಳೊಬ್ಬಳೇ ಬಗ್ಗಿ ಸರಸರನೆ ಅವನ್ನು ಮೊರಕ್ಕೆ ಆಯುತ್ತಿದ್ದಳು. ನಾನು ಚಂದ್ರಿಕೆಯನ್ನು ಹೊರಗಿನ ಗೋಡೆಗೆ ಒರಗಿಸಿ, "ತಪ್ಪಾಯ್ತು. ಅವತ್ತು ನೀನು ಕಾಲ್ ತೊಳ್ದಿದ್ಯೋ ಇಲ್ವೋ ನಾನ್ ನೋಡೇ ಇರ್ಲಿಲ್ಲ" ಎಂದೆ. ಅವಳು ಆಯುತ್ತಲೇ ಇದ್ದಳು. ಹಿಂತಿರುಗಿ ನಾಲ್ಕು ಹೆಜ್ಜೆ ಹಾಕಿದೆ.

"ಎತ್ತಗೋಯ್ತೀಯಾ?" ಎಂದು ಒಳಗಿಂದಲೇ ಕೇಳಿದಳು.

"ಹೊಸ್ಲು ದಾಟ್ಬ್ಯಾಡ ಅಂದಿದ್ಯಲ್ಲ."

"ಅಂದಿದ್ದೆ. ಈಗ ಕೈ ಸಾಲ್ತಿಲ್ಲ." ಹುಳು ತುಂಬಿದ ಮೊರ ಕೆಳಗಿಟ್ಟು ನನ್ನ ಕಡೆ ನೋಡಿದಳು. "ಕಾಲ್ ತೊಳ್ಕಂಡ್ ಬಾರಕ್ಕ."

ಬಾಗಿಲಲ್ಲಿದ್ದ ನೀರಿನಲ್ಲಿ ಕಾಲು ತೊಳೆದೆ. ಆಮೇಲೆ ಅವಳು ನೋಡುತ್ತಿರುವಾಗಲೇ ಇನ್ನೊಂದು ಸಲ ತೊಳೆದೆ.