ಮಡಿ ನಾಯಿಯ ಕೂದಲು

ನಮ್ಮ ನಾಯಿಗೆ ಕೂದಲು ಉದುರಲು ಶುರುವಾದಾಗ ನಾನು ಗಾಬರಿಯಾಗಲಿಲ್ಲ. ರಾಮದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳುತ್ತೇನೆ. ಕಾರಣ ಹುಡುಕಿದರಾಯಿತು. ಬೇರೆಯವರಲ್ಲಿ ಹುಡುಕುವುದಂತೂ ನನಗೆ ಇನ್ನೂ ಸಲೀಸು.

ಅದು ಬೀದಿಯಿಂದ ತಾನಾಗಿಯೇ ಬಂದು ಉಳಿದ ಕಂದು ಬಣ್ಣದ ಹೆಣ್ಣು ನಾಯಿ. ನಮ್ಮದು ಪೂಜೆ ಪುನಸ್ಕಾರದ ಮನೆ. ಅತ್ತೆ ಇಂದಿಗೂ ಮಡಿಯಲ್ಲೇ ಅಡುಗೆ ಮಾಡುವವರು. “ನಾಯಿ ಮನಿ ಮುಂದಿನ ಕಟ್ಟಿ ಏರಬೇಕಂದ್ರ ದಿನಾ ಜಳಕ ಮಾಡಿಸು. ಇಲ್ಲಂದ್ರ ಬ್ಯಾಡ” ಎಂದು ಕರಾರು ಹಾಕಿದ್ದರು. ಒಪ್ಪಿದೆ. ಶಾಲೆಗೆ ಹೊರಡುವ ಮೊದಲು ಹಿತ್ತಲಲ್ಲಿ ಅದಕ್ಕೆ ಸಾಬೂನು ಹಚ್ಚಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದೆ. ನಮ್ಮ ನಾಯಿಯಷ್ಟು ಮಡಿ ಊರಿನ ಭಟ್ಟರಿಗೂ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಮೊದಲು ಬಾಲದ ಬುಡ ಬೋಳಾಯಿತು, ಆಮೇಲೆ ಬೆನ್ನು. ಎದುರು ಮನೆಯಾಕೆ ಅದರ ಮೈಹೊಳಪನ್ನು ಹೊಗಳಿದ್ದು ನೆನಪಾಯಿತು. ವಿಜ್ಞಾನವನ್ನು ಬದಿಗಿಟ್ಟು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದೆ. ನಾವೆಲ್ಲ ಕೆಮ್ಮಿದೆವು, ನಾಯಿ ಸೀನಿತು, ಕೂದಲು ಉದುರುತ್ತಲೇ ಇತ್ತು. ಬಳಿಕ ಊಟದ ಮೇಲೆ ಗುಮಾನಿ ಬಂದು ಹಾಲು ನಿಲ್ಲಿಸಿದೆ. ಆಗ ಅದು ನನ್ನನ್ನು ನೋಡಿದ ರೀತಿಯನ್ನು ಇನ್ನೂ ಮರೆತಿಲ್ಲ. ಕೊನೆಗೆ ಫೋನಿನಲ್ಲಿ ಓದಿದೆ: ಚಿಗಟ, ಕಜ್ಜಿಯ ಹುಳ, ಶಿಲೀಂಧ್ರ, ಅಲರ್ಜಿ, ಥೈರಾಯ್ಡ್. ನನಗೆ ಹುಳವೇ ಹಿಡಿಸಿತು. ಹುಳ ಬರುವುದು ಬೀದಿನಾಯಿಗಳಿಂದ, ನನ್ನಿಂದಲ್ಲವಲ್ಲ! ತೊಳೆದರೆ ಹೋದೀತು ಎಂದು ಮೈಸಾಬೂನು ಬಿಟ್ಟು ಬಟ್ಟೆ ಸಾಬೂನು ಹಿಡಿದೆ. ಸಂಜೆಗೂ ಒಂದು ಜಳಕ ಸೇರಿಸಿದೆ. ಉದುರಿದಷ್ಟೂ ತಿಕ್ಕಿದೆ, ತಿಕ್ಕಿದಷ್ಟೂ ಉದುರಿತು. ನನ್ನ ತರಗತಿಯ ದಡ್ಡ ಹುಡುಗನಿಗೂ ಇಷ್ಟು ಹೊತ್ತಿಗೆ ಏನೋ ಹೊಳೆದಿರುತ್ತಿತ್ತು.

“ಚರ್ಮರೋಗದ ನಾಯಿ ಮನ್ಯಾಗ ಬ್ಯಾಡ. ಈ ರವಿವಾರ ದೊಡವಾಡಕ್ಕ ಕಳಿಸಿಬಿಡು” ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದರು. ದೊಡವಾಡದಲ್ಲಿ ನಮ್ಮ ಹೊಲವಿದೆ. ಅಲ್ಲಿನ ನಾಯಿಗಳು ಹೊಸ ನಾಯಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಈ ಬೋಳು ಬೆನ್ನಿನ ಬಡಪಾಯಿ ಅಲ್ಲಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಶನಿವಾರ ಶಾಲೆ ಬಿಟ್ಟೊಡನೆ ಅದನ್ನು ಆಟೋದಲ್ಲಿ ಕೂರಿಸಿಕೊಂಡು ದನದ ದವಾಖಾನೆಗೆ ಹೋದೆ.

ಡಾಕ್ಟರ್ ಚರ್ಮ ಕೆರೆದು, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹುಳ ಇರಲಿಲ್ಲ.

“ಜಳಕ ಎಷ್ಟ ದಿನಕ್ಕೊಮ್ಮೆ ಮಾಡಸ್ತೀರಿ?”

“ದಿನಾ ಎರಡು ಸಲ. ಬಟ್ಟಿ ಸಬಕಾರ ಹಚ್ಚಿ” ಎಂದೆ, ಬಹುಮಾನಕ್ಕೆ ಕೈ ಚಾಚಿದವಳ ಹಾಗೆ.

ಅವರು ನಾಯಿಯನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು. “ಅಕ್ಕಾರ, ಮೈಯಾಗಿನ ಎಣ್ಣಿ ಎಲ್ಲಾ ತೊಳದ ಹಾಕೀರಿ. ಚರ್ಮ ಒಣಗಿ ತುರಸಾಕ ಹತ್ತೈತಿ, ಅದಕ್ಕ ಕೂದಲಾ ಉದರತಾವು. ಔಷಧ ಕೊಡತೇನಿ, ಆದ್ರ ಮೊದಲ ಆ ಜಳಕ ಬಿಡಸ್ರಿ.”

ದಾರಿಯುದ್ದಕ್ಕೂ ನಾಚಿಕೆ. ಅದರ ಜೊತೆ ಹೊಸ ಚಿಂತೆ: ಜಳಕವಿಲ್ಲದಿದ್ದರೆ ಅತ್ತೆಯ ಕಟ್ಟೆಯೂ ಇಲ್ಲ.

ಅತ್ತೆ ಕಟ್ಟೆಯ ಮೇಲೆ ಕುಳಿತು ಹೂಬತ್ತಿ ಹೊಸೆಯುತ್ತಿದ್ದರು. ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಅವರು ಹತ್ತಿ ಬದಿಗಿಟ್ಟು ನಾಯಿಯ ಬೆನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿದರು. ಅಡಿಕೆಯಷ್ಟು ಕೂದಲ ಗಂಟು, ಸುತ್ತ ಬರಿ ನೆತ್ತಿ.

“ಈ ಮನಿಗೆ ಬಂದಾಗ ನನ್ನ ಹೆಳಲು ಸೊಂಟಕ್ಕ ಬರ್ತಿತ್ತು. ದಿನಾ ನಸಕಿನ್ಯಾಗ ತಲಿಮ್ಯಾಲೆ ತಣ್ಣೀರು ಸುರಕೊಂಡು, ಒದ್ದಿ ಕೂದಲಾ ಹಂಗ ಗಂಟು ಹಾಕಿ ಒಲಿ ಮುಂದ ಕೂಡೋದು. ಯಾಕ ಉದರಲಿಕ್ಕೆ ಹತ್ಯಾವ ಅಂತ ಒಬ್ಬರೂ ಕೇಳಲಿಲ್ಲ. ಈಕಿ ನಸೀಬು ಛಲೋ ಅದ. ನೀ ಡಾಕ್ಟರ್ ಕಡೆ ಒಯ್ದಿ.”

ನಾಯಿ ಕೆಳಗೇ ನಿಂತಿತ್ತು. ಅತ್ತೆ ಕಟ್ಟೆಯನ್ನು ಕೈಯಿಂದ ತಟ್ಟಿ ಅದನ್ನು ಕರೆದರು.

“ಬಾ, ಏರು. ಜಳಕ ನಾ ಒಬ್ಬಾಕಿ ಮಾಡಿದ್ರ ಸಾಕು” ಎಂದು ನಕ್ಕರು. ನನಗೆ ನಗಲಾಗಲಿಲ್ಲ.