ಸೊನ್ನೆ–ಸೊನ್ನೆಯ ವಧುಪರೀಕ್ಷೆ

ಹುಡುಗನ ಕಡೆಯವರು ನನ್ನನ್ನು ನೋಡಿದ್ದು ಸಿಯಾಟಲ್‌ನ ಬೇಸ್‌ಬಾಲ್ ಮೈದಾನದಲ್ಲಿ. ಮನೆಗೆ ಕರೆದರೆ ವಿಷಯ ಗಟ್ಟಿಯಾಗಿಬಿಡುತ್ತದೆ, ಸುಮ್ಮನೆ ಮ್ಯಾಚಿಗೆ ಹೋದ ಹಾಗಿದ್ದರೆ ಯಾರಿಗೂ ಮುಜುಗರವಿಲ್ಲ ಎನ್ನುವುದು ಸಿಯಾಟಲ್ ಪಕ್ಕದ ಇಸ್ಸಾಕ್ವಾದಲ್ಲಿದ್ದ ನನ್ನ ಚಿಕ್ಕಮ್ಮನ ಯೋಚನೆ. ಹಾಗೆಂದು ಶಾಸ್ತ್ರ ಬಿಟ್ಟಿರಲಿಲ್ಲ. ಉಪ್ಪಿಟ್ಟು, ಕೇಸರಿಬಾತು ಎರಡನ್ನೂ ಸ್ಟೀಲ್ ಡಬ್ಬಿಗಳಲ್ಲಿ ತಂದಿದ್ದರು. ಗೇಟಿನ ಕಾವಲಿನವನು ಮುಚ್ಚಳ ತೆಗೆಸಿ, ಟಾರ್ಚ್ ಬಿಟ್ಟು ಕೇಸರಿಬಾತನ್ನು ಪರೀಕ್ಷಿಸಿ ಒಳಗೆ ಬಿಟ್ಟ.

"ಮ್ಯಾಚ್ ಮುಗಿಯೋದ್ರೊಳಗೆ ಏನಾದ್ರೂ ಒಂದು ಹೇಳ್ಬಿಡು ಪುಟ್ಟಿ. ಅವರ ಅಪ್ಪ ಅಮ್ಮ ನಾಳೆ ಮೈಸೂರಿಗೆ ಹೊರಡ್ತಾರೆ," ಎಂದರು ಚಿಕ್ಕಮ್ಮ.

ನನಗೆ ಬೇಡವಾಗಿತ್ತು. ಹುಡುಗನಲ್ಲಿ ದೋಷವೇನೂ ಇರಲಿಲ್ಲ. ಅಲ್ಲೇ ಹತ್ತಿರದ ಬೆಲ್ವ್ಯೂನಲ್ಲಿ ನನ್ನದೊಂದು ಪುಟ್ಟ ಅಪಾರ್ಟ್‌ಮೆಂಟ್ ಇತ್ತು; ಸಂಜೆ ಬಾಗಿಲು ಹಾಕಿಕೊಂಡರೆ ಸಿಗುವ ಮೌನವನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳುವ ಮನಸ್ಸಿರಲಿಲ್ಲ. ಅದನ್ನು ಎಲ್ಲರ ಮುಂದೆ ಹೇಳುವುದು ಹೇಗೆ?

ಸೀಟುಗಳು ಒಂದೇ ಸಾಲಿನಲ್ಲಿದ್ದರೂ ನಮಗೂ ಅವರಿಗೂ ನಡುವೆ ತಂಡದ ಟೋಪಿ ಹಾಕಿದ ಭಾರೀ ಆಸಾಮಿಯೊಬ್ಬ ಕುಳಿತಿದ್ದ. ಕೇಸರಿಬಾತನ್ನು ಹುಡುಗಿಯೇ ಕೊಡಬೇಕಲ್ಲ, ತಟ್ಟೆ ಚಾಚಿದೆ. ಆತ ಅದನ್ನು ತೆಗೆದುಕೊಂಡು, ಕೃತಜ್ಞತೆಯಿಂದ ತಿನ್ನತೊಡಗಿದ.

"ಅಯ್ಯೋ, ಅವನಿಗಲ್ಲ ಕಣೇ!" ಚಿಕ್ಕಮ್ಮ ನನ್ನ ತೋಳು ಚಿವುಟಿದರು. ಎರಡನೆಯ ತಟ್ಟೆಯನ್ನು ಆತನೇ ಮುಂದೆ ದಾಟಿಸಿದ.

ಮೈದಾನದಲ್ಲಿ ಏನೂ ನಡೆಯುತ್ತಿರಲಿಲ್ಲ. ಪಿಚರ್ ಚೆಂಡೆಸೆಯುವನು, ಬ್ಯಾಟ್ ಹಿಡಿದವನು ಗಾಳಿಗೆ ಬೀಸಿ ವಾಪಸು ಹೋಗುವನು. ಬೋರ್ಡಿನ ತುಂಬ ಸೊನ್ನೆ.

"ಬೋರ್ಡ್ ಕೆಟ್ಟಿದೆಯೇನ್ರೀ?" ಹುಡುಗನ ತಂದೆ ಕೇಳಿದರು.

"ಇಲ್ಲ ಸಾರ್, ಪಿಚಿಂಗ್ ಚೆನ್ನಾಗಿದೆ," ಎಂದರು ಚಿಕ್ಕಪ್ಪ, ತಮ್ಮದೇ ತಪ್ಪೆಂಬಂತೆ.

"ಅಂದ್ರೆ ಯಾರೂ ಹೊಡೀದೇ ಇರೋದನ್ನ ನೋಡೋಕೆ ಇಷ್ಟು ಜನ ಬಂದಿದಾರಾ?"

ಟೋಪಿಯವನ ಹೊಟ್ಟೆಯ ಮೇಲಿನಿಂದ ಹುಡುಗ ನನ್ನತ್ತ ಬಾಗಿದ. "ನಿಮಗೆ ಬೋರ್ ಆಗ್ತಿದೆಯಾ?"

"ಇಲ್ಲ. ಹೀಗೇ ಇದ್ರೆ ಒಳ್ಳೇದು."

ಅದು ನಿಜವಾಗಿತ್ತು. ನಾವಿಬ್ಬರೂ ಮತ್ತೆ ಮೈದಾನ ನೋಡುತ್ತ ಕುಳಿತೆವು. "ನೋಡಿ, ಎಷ್ಟು ಹೊಂದಿಕೊಂಡಿದಾರೆ," ಎಂದು ಅವನ ತಾಯಿ ಚಿಕ್ಕಮ್ಮನಿಗೆ ಹೇಳಿದ್ದು ಕೇಳಿಸಿತು.

ಆಟದ ಒಂಬತ್ತೂ ಸುತ್ತು ಮುಗಿದರೂ ಸೊನ್ನೆ–ಸೊನ್ನೆ. ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಟಗಾರರು ಮತ್ತೆ ಮೈದಾನಕ್ಕೆ ಇಳಿದರು. ಈ ಆಟದಲ್ಲಿ ಡ್ರಾ ಇಲ್ಲವಂತೆ. ಯಾರಾದರೂ ಗೆಲ್ಲುವವರೆಗೆ ಆಡುತ್ತಲೇ ಇರಬೇಕಂತೆ.

"ರಾಜಿ ಮಾಡ್ಕೊಂಡು ಮನೆಗೆ ಹೋಗಿ ಅನ್ರೀ ಅವರಿಗೆ," ಎಂದರು ಹುಡುಗನ ತಂದೆ.

ಬಾಯಿ ಮುಚ್ಚಿಕೊಂಡೆ. ಹತ್ತು, ಹನ್ನೊಂದು. ನನಗೆ ಏನೇನೂ ಸಂಬಂಧವಿಲ್ಲದ ಪಿಚರುಗಳಿಬ್ಬರ ತೋಳಿನ ಬಲಕ್ಕಾಗಿ ಮನಸ್ಸಿನಲ್ಲೇ ಹಾರೈಸುತ್ತಿದ್ದೆ. ಹನ್ನೆರಡನೆಯ ಸುತ್ತಿನಲ್ಲಿ ಸಿಯಾಟಲ್ ತಂಡದವನೊಬ್ಬ ಹೊಡೆದ ಚೆಂಡು ದೂರದ ಗೋಡೆ ದಾಟಿತು. ಒಂದೇ ರನ್, ಆಟ ಅಲ್ಲಿಗೇ ಮುಗಿಯಿತು. ಇಡೀ ಮೈದಾನ ಎದ್ದು ನಿಂತು ಅರಚಿತು.

"ಏನಮ್ಮ, ಒಪ್ಪಿಗೆ ತಾನೇ?" ಹುಡುಗನ ತಾಯಿ ಕೈಸನ್ನೆ ಮಾಡಿ ಕೂಗಿದರು.

"ಇಲ್ಲ," ಎಂದೆ. ಕೇಳಿಸಲಿಲ್ಲ. ಮತ್ತೆ ಹೇಳಿದೆ. ಚಿಕ್ಕಮ್ಮ ಆಗಲೇ ನಗುತ್ತ ಅವರ ಕಡೆಗೆ ಕೈ ಚಾಚಿದ್ದರು. ಕಾಲೇಜಿನಲ್ಲಿ ಹಾಜರಿ ಹೇಳಲೂ ದನಿ ಎತ್ತದಿದ್ದ ನಾನು ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು ಕಿರುಚಿದೆ: "ನನಗೆ ಮದುವೆ ಬೇಡ!"

ಸುತ್ತ ಎಲ್ಲರೂ ಕಿರುಚುತ್ತಿದ್ದುದರಿಂದ ಯಾರೂ ನನ್ನತ್ತ ತಿರುಗಲಿಲ್ಲ. ಅಷ್ಟು ಜನರ ನಡುವೆ ಅದು ನಮ್ಮೊಳಗೇ ಉಳಿಯಿತು. ಹುಡುಗ ತಲೆಯಾಡಿಸಿ, ನಿರಾಳವಾಗಿ ಕುಳಿತುಕೊಂಡ.

"ಆಯ್ತಮ್ಮ," ಎಂದರು ಅವನ ತಾಯಿ, ಕಿವಿ ಮುಚ್ಚಿಕೊಂಡಿದ್ದ ಕೈ ತೆಗೆಯುತ್ತ. "ಇದನ್ನ ಮೊದಲೇ ಹೇಳಿದ್ರೆ ಬೇಗ ಹೊರಡಬಹುದಿತ್ತು."